ಭಾವನ ಕೋವಿಗೆ ಆರಿಸಿದ ದುರ್ಬೀನು

ದುರ್ಬೀನು ಆರಿಸಿದವನು ನಾನು. ಇದನ್ನು ಮೊದಲೇ ಬರೆದುಬಿಡುತ್ತೇನೆ. ನಮ್ಮ ಮನೆಗಳಲ್ಲಿ ಈಗಲೂ ಮಾತು ಬಂದಾಗ ‘ಭಾವನ ದುರ್ಬೀನು’ ಎಂದೇ ಹೇಳುತ್ತಾರೆ. ಕೋವಿ ಭಾವನದು, ಗದ್ದೆ ಭಾವನದು, ಹಂದಿಗಳ ಮೇಲಿನ ಸಿಟ್ಟು ಕೂಡ ಅವರದೇ. ಆದರೆ ಎರಡೂವರೆ ತಿಂಗಳು ಒಂದೊಂದರ ವಿವರ ಓದಿ, ಹೋಲಿಸಿ, ಕೊನೆಗೆ ಇದೇ ಸರಿ ಎಂದು ಹೇಳಿದವನು ನಾನು. ಆ ಬೆಳಿಗ್ಗೆ ಅದರಲ್ಲಿ ಮೊದಲು ಕಣ್ಣಿಟ್ಟವನೂ ನಾನೇ.

ನಾನು ಕಾರವಾರದಲ್ಲಿರುತ್ತೇನೆ. ಜಮೀನು ಅಳೆಯುವ ಕೆಲಸ. ಸರಪಳಿ, ಟೇಪು, ಗಾಜಿನಲ್ಲಿ ನೋಡಿ ಕೋನ ಅಳೆಯುವ ಥಿಯೊಡೊಲೈಟು ಇವುಗಳ ಜೊತೆಗೇ ನನ್ನ ತಲೆಗೂದಲು ಹಣ್ಣಾಗಿದೆ. ಅಕ್ಕನನ್ನು ಅಂಕೋಲಾದ ಆಚೆ ಅಗಸೂರಿಗೆ ಕೊಟ್ಟಿದ್ದು. ಅವರ ಮನೆಯ ಹಿಂದೆ ಗದ್ದೆ, ಗದ್ದೆಯ ಆ ತುದಿಗೆ ಗುಡ್ಡ, ಗುಡ್ಡದ ಮೇಲೆ ಕಾಡು. ಭತ್ತ ಹಾಲು ತುಂಬುವ ಹೊತ್ತಿಗೆ ಹಂದಿಗಳು ಗುಡ್ಡ ಇಳಿಯುತ್ತವೆ. ಅವು ತಿನ್ನುವುದಕ್ಕಿಂತ ಹೊರಳಾಡಿ ಕೆಡಿಸುವುದೇ ಹೆಚ್ಚು. ಬೆಳಿಗ್ಗೆ ಹೋಗಿ ನೋಡಿದರೆ ಗದ್ದೆಯ ನಡುವೆ ಯಾರೋ ಚಾಪೆ ಹಾಸಿ ಮಲಗಿ ಎದ್ದುಹೋದಂತೆ ಕಾಣುತ್ತದೆ.

ಭಾವನ ಹತ್ತಿರ ಅವರ ಅಪ್ಪನ ಕಾಲದ ಕೇಪಿನ ಕೋವಿ ಇದೆ. ಬೆಳೆ ರಕ್ಷಣೆಯ ಲೈಸನ್ಸು. ನಳಿಗೆಯ ಬಾಯಿಂದ ಮದ್ದು ಹಾಕಿ, ತೆಂಗಿನ ನಾರು ತುರುಕಿ, ಗುಂಡು ಬಿಟ್ಟು, ಗಜದಿಂದ ಜಡಿದು, ಹಿಂದೆ ಕುದುರೆ ಬಡಿಯುವಲ್ಲಿ ಕಿಡಿಯ ಕೇಪು ಇಡಬೇಕು. ಒಂದು ಸಲ ಹೊಡೆದರೆ ಇನ್ನೊಂದಕ್ಕೆ ತಯಾರಾಗುವುದರೊಳಗೆ ಒಂದು ಚಾ ಕುಡಿಯಬಹುದು. ಚುನಾವಣೆ ಬಂತೆಂದರೆ ಅದನ್ನು ಠಾಣೆಗೆ ಒಪ್ಪಿಸಿ ಚೀಟಿ ತರಬೇಕು, ಮುಗಿದ ಮೇಲೆ ಚೀಟಿ ಕೊಟ್ಟು ಬಿಡಿಸಿಕೊಳ್ಳಬೇಕು. ಆ ವರ್ಷವೂ ಹಾಗೇ ಬಿಡಿಸಿಕೊಂಡು ಬಂದ ದಿನ ಭಾವ ನನಗೆ ಫೋನು ಮಾಡಿದರು.

“ತಮಾ, ಕೋವಿ ಬಂತು. ಆದ್ರೆ ನನ್ನ ಕಣ್ಣು ಠಾಣೆಲೇ ಉಳೀತು ಕಾಣ್ತದೆ. ಮೂಗಿನ ತುದಿಲಿ ಇದ್ದ ನೊಣ ಬಿಟ್ರೆ ಬೇರೆ ಎಂತದೂ ಕಾಣೂದಿಲ್ಲ. ಇದಕ್ಕೊಂದು ದುರ್ಬೀನು ಕೂಡ್ಸೂಕೆ ಆಗ್ತದ್ಯಂತೆ. ನೀ ಜನ್ಮ ಪೂರ್ತಿ ದುರ್ಬೀನಿನಲ್ಲೇ ನೋಡಿದವ. ಒಂದು ಒಳ್ಳೇದು, ದೂರದ್ದು, ಆರಿಸ್ಕೊಡು.”

ನನಗೆ ಹೆಮ್ಮೆಯಾಯಿತು. ಇದನ್ನೂ ಬರೆಯಬೇಕು. ಅಕ್ಕನ ಮನೆಯಲ್ಲಿ ನನ್ನನ್ನು ಕೇಳುವ ವಿಷಯ ಹೆಚ್ಚಿಲ್ಲ.

ಹಂದಿಗೆ ಗುಂಡು ಹೊಡೆಯಲು ಇಲಾಖೆಯ ಅನುಮತಿ ಬೇಕು, ಅದಕ್ಕೆ ಷರತ್ತುಗಳಿವೆ. ಭಾವ ಅರ್ಜಿ ಹಾಕಿ ಕಾಗದ ತರಿಸಿದ್ದರು. ಅದನ್ನು ನಾನೇ ಎರಡು ಸಲ ಓದಿದೆ. ದುರ್ಬೀನಿನ ಬಗ್ಗೆ ಅದರಲ್ಲಿ ಒಂದು ಮಾತೂ ಇರಲಿಲ್ಲ. ‘ಬೇಡ ಅಂತ ಇಲ್ಲ ಅಂದ್ರೆ ಅಡ್ಡಿಲ್ಲ ಅಂತಲೇ’ ಎಂದು ಭಾವ ತೀರ್ಮಾನಿಸಿದರು.

ಮೊದಲು ಕಾರವಾರದ ಪೇಟೆಯಲ್ಲಿ ಕೇಳಿದೆ. ಕೇರಂ ಬೋರ್ಡು, ಕ್ರಿಕೆಟ್ ಬ್ಯಾಟು ಮಾರುವ ಅಂಗಡಿಯವ ನನಗೆ ಗುರುತು. ಒಳಗಿನಿಂದ ಧೂಳು ಒರೆಸುತ್ತ ಒಂದು ಪ್ಲಾಸ್ಟಿಕ್ ಕೊಳವೆ ತಂದ.

“ಜಾತ್ರೇಲಿ ಬಲೂನಿಗೆ ಹೊಡೂಕೆ ಇದು ಸಾಕು,” ಎಂದ. “ನಿಮಗೆಷ್ಟು ದೂರ ಬೇಕು?”

“ನೂರೈವತ್ತು ಮೀಟರು.”

“ಯಾರನ್ನ?” ಎಂದು ಕೇಳಿ, ತನ್ನ ಮಾತಿಗೆ ತಾನೇ ನಕ್ಕ. ನಾನೂ ನಕ್ಕೆ.

ಮಾಜಾಳಿಯಿಂದ ದಿನಾ ಗೋವಾಕ್ಕೆ ಕೆಲಸಕ್ಕೆ ಹೋಗುವ ಪರಿಚಯದವರೊಬ್ಬರ ಹತ್ತಿರ ಅಲ್ಲಿ ವಿಚಾರಿಸಲು ಹೇಳಿದೆ. ಅವರು ಮೂರು ವಾರ ‘ನಾಳೆ’ ಎಂದು, ನಾಲ್ಕನೆಯ ವಾರ ಒಂದು ಫೋಟೋ ಕಳಿಸಿದರು. ಅದು ಹಕ್ಕಿ ನೋಡುವ ಎರಡು ಕಣ್ಣಿನ ದುರ್ಬೀನು. ಅದನ್ನು ಕೋವಿಗೆ ಕಟ್ಟುವುದು ಹೇಗೆ ಎಂದು ಕೇಳಿದ್ದಕ್ಕೆ ‘ಹಗ್ಗ’ ಎಂದು ಬರೆದರು.

ಹಾಗಾಗಿ ಫೋನಿನಲ್ಲೇ ಹುಡುಕುವುದಾಯಿತು. ಅಲ್ಲಿಂದ ನನ್ನ ಪೀಕಲಾಟ ಸುರುವಾಯಿತು. ಯಾವ ಪುಟ ತೆಗೆದರೂ ಅದು ಬೇರೆ ದೇಶದ್ದು. ಬೇರೆ ಕೋವಿ, ಬೇರೆ ಪ್ರಾಣಿ. ಬಯಲಿನಲ್ಲಿ ಬಿಲ ತೋಡುವ ಅಳಿಲಿನಂಥ ಯಾವುದಕ್ಕೋ ಅರ್ಧ ಮೈಲಿ ದೂರದಿಂದ ಗುರಿ ಇಡುವವರು ಬರೆದದ್ದು. ಅವರಿಗೆ ಗಾಳಿ ಒಂದೇ ಚಿಂತೆ. ನಮ್ಮ ಗದ್ದೆಯಲ್ಲಿ ಗಾಳಿ ಎಲ್ಲಿದೆ? ಇರುವುದು ಮಳೆ, ಮಂಜು, ಜೇಡರಬಲೆ, ಮತ್ತು ಅವರ ಪಟ್ಟಿಯಲ್ಲಿ ಎಲ್ಲೂ ಇಲ್ಲದ ನಮ್ಮ ಕೇಪಿನ ಕೋವಿ. ಒಬ್ಬರು ಒಳ್ಳೆಯದು ಎಂದದ್ದನ್ನು ಇನ್ನೊಬ್ಬರು ಕಸ ಎಂದು ಬರೆದಿರುತ್ತಿದ್ದರು. ಅಂಗಡಿಗೆ ಪ್ರಶ್ನೆ ಕೇಳಿದರೆ ‘ನಿಮ್ಮ ಪ್ರಶ್ನೆ ನಮಗೆ ಮುಖ್ಯ’ ಎಂಬ ಉತ್ತರ ತಕ್ಷಣ ಬರುತ್ತಿತ್ತು, ಆಮೇಲೆ ಏನೂ ಬರುತ್ತಿರಲಿಲ್ಲ.

ನಾನು ನನಗೆ ಗೊತ್ತಿದ್ದ ದಾರಿ ಹಿಡಿದೆ. ನನ್ನ ಕೆಲಸದಲ್ಲಿ ಗಾಜು ಎಷ್ಟು ಹತ್ತಿರ ತರುತ್ತದೋ ಅಷ್ಟು ಒಳ್ಳೆಯದು. ಅಳತೆಯ ಕೋಲಿನ ಮೇಲಿನ ಗೆರೆ ದೊಡ್ಡದಾಗಿ ಕಂಡಷ್ಟೂ ತಪ್ಪು ಕಡಿಮೆ. ಆದ್ದರಿಂದ ಆರರಿಂದ ಇಪ್ಪತ್ತನಾಲ್ಕು ಪಟ್ಟು ಹತ್ತಿರ ತರುವಂಥದನ್ನು ಆರಿಸಿದೆ. ಹತ್ತಿರ ತಂದಷ್ಟೂ ಕಾಣುವ ವೃತ್ತ ಸಣ್ಣದಾಗುತ್ತದೆ ಎಂಬುದು ನನಗೆ ಗೊತ್ತಿಲ್ಲದ್ದಲ್ಲ. ದಿನಾ ನೋಡುವುದೇ. ಆದರೆ ಥಿಯೊಡೊಲೈಟಿನ ಆ ಕಡೆ ಕೋಲು ಹಿಡಿದವನೊಬ್ಬ ನಿಂತಿರುತ್ತಾನೆ. ಅವನು ಕೈ ಎತ್ತಿ ತೋರಿಸಿದ ಮೇಲೆ ನಾನು ಓದುತ್ತೇನೆ. ಅಲ್ಲಿ ಇರುವುದು ಏನು ಎಂದು ನಾನು ಗಾಜಿನಿಂದ ತಿಳಿದುಕೊಂಡದ್ದು ಎಂದೂ ಇಲ್ಲ. ಇದು ಆಗ ಹೊಳೆಯಲಿಲ್ಲ.

ಮೊದಲನೆಯದು ಬಂತು. ಮೂರೇ ದಿನಕ್ಕೆ ಗಾಜಿನ ಒಳಗಡೆ ನೀರಹನಿ ಕಟ್ಟಿತು. ಹೊರಗಿನಿಂದ ಒರೆಸಿ ಪ್ರಯೋಜನವಿಲ್ಲ. ಫೋಟೋ ತೆಗೆದು ಕಳಿಸಿ, ಅದೇ ಪ್ರಶ್ನೆಗೆ ನಾಲ್ಕು ಸಲ ಉತ್ತರ ಕೊಟ್ಟು, ಹಿಂದಕ್ಕೆ ಕಳಿಸಿದೆ. ಎರಡನೆಯದು ಬರುವಷ್ಟರಲ್ಲಿ ನಾಟಿ ಮುಗಿದಿತ್ತು. ಅದನ್ನು ಕೂರಿಸಲು ಕೋವಿಯ ಮೇಲೆ ಜಾಗವೇ ಇಲ್ಲ. ಅಂಕೋಲಾದ ಲೇತ್ ಅಂಗಡಿಯಲ್ಲಿ ಹಿತ್ತಾಳೆಯ ಎರಡು ಬಳೆ ಮಾಡಿಸಿದೆವು. ಮೊದಲ ಜೋಡಿ ಸಡಿಲ, ಎರಡನೆಯದು ಬಿಗಿ, ಮೂರನೆಯದು ಸರಿ. ಪ್ರತಿ ಸಲ ಕಾರವಾರದಿಂದ ಬಸ್ಸಿನಲ್ಲಿ ಹೋಗಿ ಬರುವವನು ನಾನು.

ಗುರಿ ಕೂಡಿಸಲು ಖಾಲಿ ಎಣ್ಣೆ ಡಬ್ಬಿಯನ್ನು ಅಂಚಿನ ಮೇಲೆ ಇಟ್ಟು ಭಾವ ಮೊದಲ ಗುಂಡು ಹೊಡೆದರು. ಕೋವಿ ಹಿಂದಕ್ಕೆ ಒದ್ದು ದುರ್ಬೀನಿನ ಕಟ್ಟು ಅವರ ಹುಬ್ಬಿಗೆ ಬಡಿಯಿತು. ಅರ್ಧ ಚಂದ್ರದ ಗಾಯ, ರಕ್ತ. ಡಬ್ಬಿಗೆ ಏನೂ ಆಗಿರಲಿಲ್ಲ.

ಅಕ್ಕ ಅರಿಶಿನ ತಂದು ಒತ್ತುತ್ತ, “ಹಂದಿ ಅಲ್ಲೇ ನಿಂತು ನೆಗಾಡ್ತಿರಬೇಕು,” ಎಂದಳು. “ಇವರ ಹಣೆಗೆ ಇವರೇ ಕುಂಕುಮ ಇಟ್ಕಂಡ್ರು ಅಂತ.”

“ನಿನ್ನ ತಮ್ಮ ಆರಿಸಿದ್ದು,” ಎಂದರು ಭಾವ.

“ಅವ ಆರಿಸಿದ ಸೀರೆನೂ ಹಾಂಗೇ. ಅಂಗಡಿಲಿ ಚಂದ, ಮನೇಲಿ ಬೆಂಕಿ.”

ನನಗೆ ಸಿಟ್ಟು ಬಂತು. ಎರಡು ತಿಂಗಳ ಪಾಡು ಯಾರಿಗೂ ಲೆಕ್ಕವಿಲ್ಲ. ಮರುದಿನ ನಾನೇ ಹಿಡಿಯ ಹಿಂದೆ ರಬ್ಬರಿನ ತುಂಡು ಕಟ್ಟಿ, ದುರ್ಬೀನನ್ನು ಮೂರು ಬೆರಳು ಮುಂದೆ ಸರಿಸಿ ಬಿಗಿದೆ. ಸಂಜೆಯ ಹೊತ್ತಿಗೆ ಐವತ್ತು ಮೀಟರಿನಲ್ಲಿ ಡಬ್ಬಿಗೆ ಗುಂಡು ಬಿತ್ತು, ಅದರಾಚೆ ಇಟ್ಟರೆ ಒಂದೂ ತಾಗಲಿಲ್ಲ. ಈ ಕೋವಿಯಿಂದ ಅದಕ್ಕಿಂತ ದೂರ ಹೊಡೆಯಲು ಆಗುವುದೇ ಇಲ್ಲ ಎಂಬುದು ಆಗ ಖಚಿತವಾಯಿತು. ಅಂದರೆ ಇಪ್ಪತ್ತನಾಲ್ಕು ಪಟ್ಟು, ನೂರೈವತ್ತು ಮೀಟರು ಎಂದು ನಾನು ಹುಡುಕಿದ್ದೆಲ್ಲ ವ್ಯರ್ಥ. ಭಾವನಿಗೆ ಇದನ್ನು ಹೇಳಲಿಲ್ಲ.

ಆದರೂ ಒಂದು ತೊಂದರೆ ಉಳಿಯಿತು. ಭಾವ ಕಣ್ಣಿಟ್ಟ ಕೂಡಲೇ ಗಾಜು ಮಬ್ಬಾಗುತ್ತಿತ್ತು. ಅವರಿಗೆ ಉಬ್ಬಸದ ಉಸಿರು. ತಣ್ಣಗಿನ ಬೆಳಿಗ್ಗೆ ಬಿಸಿ ಉಸಿರು ತಾಗಿದರೆ ಗಾಜು ಬೆಳ್ಳಗಾಗಿ, ಒರೆಸುವಷ್ಟರಲ್ಲಿ ಮತ್ತೆ ಬೆಳ್ಳಗೆ. ನಾನು ನೋಡಿದರೆ ಹಾಗಾಗುತ್ತಿರಲಿಲ್ಲ. ಕೆಲಸದ ಅಭ್ಯಾಸದಿಂದ ಗಾಜಿಗೆ ಕಣ್ಣಿಡುವಾಗ ನಾನು ಉಸಿರು ಹಿಡಿಯುತ್ತೇನೆ. ಭಾವನಿಗೂ ಹಾಗೆ ಮಾಡಲು ಹೇಳಿದೆ. “ಉಸಿರು ಹಿಡ್ಕಂಡೇ ಇರೂಕೆ ನಾನೇನು ಹೆಣನೋ?” ಎಂದರು. ಮತ್ತೆ ಅಂಗಡಿಗೆ ದೂರು ಬರೆದೆ. ಮಬ್ಬಾಗುವುದಿಲ್ಲ ಎಂದು ಪೆಟ್ಟಿಗೆಯ ಮೇಲೆ ಬರೆದಿದ್ದೀರಿ, ಆಗುತ್ತಿದೆ. ಒಂಬತ್ತು ದಿನದ ಮೇಲೆ, ಮೇಲಿನ ದರ್ಜೆಯದನ್ನು ಬದಲಿಗೆ ಕಳಿಸುತ್ತೇವೆ ಎಂದು ಉತ್ತರ ಬಂತು.

ಇನ್ನು ಕೂ ಹಾಕುವ ವಿಷಯ ಹೇಳಬೇಕು. ಅಗಸೂರಿನ ಆ ಬದಿಯಲ್ಲಿ ಕೋವಿ ಇರುವ ಮನೆಗಳಲ್ಲಿ ಒಂದು ರೂಢಿ ಇತ್ತು. ಮಾಳದ ಮೇಲೆ, ಅಂದರೆ ಗದ್ದೆ ಕಾಯಲು ನಾಲ್ಕು ಕಂಬದ ಮೇಲೆ ಕಟ್ಟಿದ ಅಟ್ಟದ ಮೇಲೆ, ಕೋವಿ ಹಿಡಿದು ಕೂತವನು ಅದನ್ನು ಎತ್ತುವ ಮೊದಲು ಉದ್ದಕ್ಕೆ ಒಂದು ಕೂ ಹಾಕಬೇಕು. ಗದ್ದೆಯಲ್ಲಿ ಯಾರೇ ಇದ್ದರೂ ಇದ್ದಲ್ಲೇ ನೆಟ್ಟಗೆ ಎದ್ದು ನಿಂತು ತಿರುಗಿ ಕೂ ಹಾಕಬೇಕು. ಹತ್ತು ಎಣಿಸುವಷ್ಟು ಕಾಯಬೇಕು. ಆಮೇಲೆ ಕೋವಿ. ಭಾವನ ಅಪ್ಪ ಇದನ್ನು ಒಂದು ದಿನವೂ ತಪ್ಪಿಸಿದವರಲ್ಲ. ಕೂ ಕೇಳಿದ ಕೂಡಲೇ ಹಂದಿಗಳು ಗುಡ್ಡ ಹತ್ತುತ್ತಿದ್ದವು ಎಂಬುದು ಬೇರೆ ಮಾತು. ಅವರು ತಮ್ಮ ಜೀವಮಾನದಲ್ಲಿ ಹೊಡೆದದ್ದು ಎರಡೇ ಹಂದಿ, ಎರಡೂ ಕಿವುಡು ಇರಬೇಕು ಎಂದು ಊರಲ್ಲಿ ನಗುತ್ತಿದ್ದರು.

ದುರ್ಬೀನು ಕೂತ ಮೇಲೆ ಭಾವ ಕೂ ಬಿಟ್ಟರು. “ಕಣ್ಣಿಗೆ ಕಾಣ್ತದಲ್ಲ, ಇನ್ನೆಂತಕೆ ಕೂ? ಹಂದಿ ಓಡ್ಸೂಕೆ ಇಷ್ಟೆಲ್ಲ ಮಾಡೂದಾದ್ರೆ ಡಬ್ಬಿ ಬಡಿದ್ರೆ ಸಾಕಿತ್ತು.” ಅವರು ನನ್ನ ಮುಖ ನೋಡಿದರು. ನಾನು ಹೌದು ಎಂದೆ. ಹನ್ನೆರಡು ಪಟ್ಟು ಹತ್ತಿರ ಕಾಣುವಾಗ ಕೂಗಿ ಕೇಳುವುದು ಹಳೆಯ ಕಾಲದ ಮಾತು ಎಂದೆ. ನನ್ನ ಬಾಯಿಂದಲೇ ಬಂದದ್ದು.

ಆ ದಿನ ಶನಿವಾರ. ಹಿಂದಿನ ಸಂಜೆಯೇ ನಾನು ಅಗಸೂರಿಗೆ ಹೋಗಿದ್ದೆ. ಬೆಳಗಾಗುತ್ತಲೇ ನಾವಿಬ್ಬರೂ ಮಾಳ ಹತ್ತಿದೆವು. ತೆಳುವಾಗಿ ಮಳೆ ಜಿನುಗುತ್ತಿತ್ತು. ಬೆಳಕು ಬಂದಿತ್ತು, ಬಣ್ಣ ಇನ್ನೂ ಬಂದಿರಲಿಲ್ಲ. ಭತ್ತ ಬೂದಿಯ ಹಾಗೆ, ಅಂಚುಗಳು ಕಪ್ಪಗೆ. ಕೋವಿಗೆ ಮದ್ದುಗುಂಡು ತುಂಬಿ ಆಗಿತ್ತು. ಭಾವ ಕೇಪು ಇಟ್ಟು, ಕೋವಿಯನ್ನು ಬಿದಿರಿನ ಅಡ್ಡಗಳುವಿನ ಮೇಲೆ ಒರಗಿಸಿ, “ನೀ ನೋಡು ಮೊದ್ಲು, ನಿಂಗೆ ಮಬ್ಬಾಗೂದಿಲ್ಲ,” ಎಂದರು.

ನಾನು ಉಸಿರು ಹಿಡಿದು ಕಣ್ಣಿಟ್ಟೆ. ಎಡದಿಂದ ಬಲಕ್ಕೆ ನಿಧಾನ ತಿರುಗಿಸಿದೆ. ಗುಡ್ಡದ ಬುಡದ ಅಂಚಿನ ಹತ್ತಿರ ಕಪ್ಪಗಿನದೊಂದು ಬಂತು. ಗುಂಡಗಿನ ಬೆನ್ನು. ಮುಂದಕ್ಕೆ ಬಗ್ಗಿ, ನೆಲದಲ್ಲಿ ಮೂತಿ ಇಟ್ಟು ಕೆದಕುವ ಹಾಗೆ ಚೂರು ಚೂರು ಅಲುಗುತ್ತಿತ್ತು. ಬೆನ್ನಿನ ಮೇಲಿನ ಒರಟು ಕೂದಲು ಕಂಡಿತು. ಕೂದಲ ತುದಿಯಲ್ಲಿ ನೀರ ಹನಿ ಕಂಡಿತು. ಅಷ್ಟು ಸ್ಪಷ್ಟ. ನನಗೆ ಮೊದಲು ಆದದ್ದು ಸಂತೋಷ. ಎಷ್ಟು ಚೆನ್ನಾಗಿ ಆರಿಸಿದ್ದೇನೆ ಎಂಬ ಸಂತೋಷ.

“ಹಂದಿ,” ಎಂದೆ. “ಒಂಟಿ. ಬೆನ್ನು ಈ ಕಡೆ.”

ಭಾವ ಕೋವಿ ತೆಗೆದುಕೊಂಡರು. ಕುದುರೆ ಹಿಂದಕ್ಕೆ ಎಳೆದ ಸದ್ದು ಕೇಳಿತು, ಎರಡು ಸಲ ಟಕ್ ಎಂದು. ಕಣ್ಣಿಟ್ಟರು. ಬೆರಳು ಒಳಗೆ ಹೋಯಿತು. ನಾನು ಕಿವಿ ಮುಚ್ಚಿಕೊಂಡೆ.

“ಥೂ ಇದರ!” ಎಂದರು. ಗಾಜು ಮಬ್ಬಾಗಿತ್ತು. ತಲೆ ಎತ್ತಿ ಹೆಗಲಿನ ಪಂಚೆಯ ತುದಿಯಿಂದ ಒರೆಸತೊಡಗಿದರು. ನನಗೆ ಎಷ್ಟು ರೇಗಿತೆಂದರೆ ಆ ಅಂಗಡಿಗೆ ಬರೆಯಬೇಕಾದ ದೂರಿನ ವಾಕ್ಯ ತಲೆಯಲ್ಲಿ ಸುರುವಾಗಿತ್ತು. ಹಂದಿ ಅಲ್ಲೇ ಇದೆಯೋ ಇಲ್ಲವೋ ಎಂದು ಬರಿಗಣ್ಣಿನಲ್ಲಿ ಆ ಕಡೆ ನೋಡಿದೆ.

ಬರಿಗಣ್ಣಿಗೆ ಅಂಚು ಪೂರ್ತಿ ಕಂಡಿತು. ಕಪ್ಪಗಿನ ಆ ಮುದ್ದೆ ಕಂಡಿತು. ಅದರಿಂದ ಎರಡು ಮಾರು ಆಚೆ, ದುರ್ಬೀನಿನ ವೃತ್ತದ ಹೊರಗೆ, ಅಂಚಿನ ಮೇಲೆ ಒಂದು ಬುಟ್ಟಿ ಇತ್ತು. ಆ ಬೂದು ಬೆಳಕಿನಲ್ಲೂ ಗುರುತು ಸಿಗುವ ನೀಲಿ ಪ್ಲಾಸ್ಟಿಕ್ ಬುಟ್ಟಿ. ಅದನ್ನು ಹಿಂದಿನ ದೀಪಾವಳಿಗೆ ನಾನೇ ಕಾರವಾರದಿಂದ ತಂದುಕೊಟ್ಟದ್ದು.

ಕೂಗಿದೆ ಎಂದೇ ಅಂದುಕೊಂಡಿದ್ದೆ, ಆದರೆ ಭಾವ ಆಮೇಲೆ ಹೇಳಿದರು, ನೀನು ಏನೂ ಹೇಳಲಿಲ್ಲ ಎಂದು. ಕೈ ಮಾತ್ರ ಹೋಯಿತು. ನಳಿಗೆಯನ್ನು ಹಿಡಿದು ಮೇಲಕ್ಕೆ ಎತ್ತಿದೆ.

“ಎಂತಾಯ್ತೋ? ಎಂತ ಮಾಡ್ತೆ ನೀನು?”

ನಾನು ಬೆರಳು ತೋರಿಸಿದೆ. ಅಷ್ಟರಲ್ಲಿ ಆ ಕಪ್ಪು ಮುದ್ದೆ ಎದ್ದು ನಿಂತಿತು. ಕಂಬಳಿ ಕೊಪ್ಪೆಯನ್ನು ತಲೆಯಿಂದ ಹಿಂದಕ್ಕೆ ಸರಿಸಿ, ಸೊಂಟ ಹಿಡಿದುಕೊಂಡು, ಕೊಯ್ದ ಹುಲ್ಲನ್ನು ಬುಟ್ಟಿಗೆ ತುಂಬತೊಡಗಿತು. ಕರು ಹಾಕಿದ ಆಕಳಿಗೆ ಹಸಿ ಹುಲ್ಲು ಬೇಕೆಂದು ಅಕ್ಕ ನಮಗಿಂತ ಮೊದಲೇ ಹಿತ್ತಿಲ ದಾರಿಯಿಂದ ಹೋಗಿದ್ದಳು.

ನಮ್ಮನ್ನು ಕಂಡು ಕೈ ಬೀಸಿ ಕೂಗಿದಳು, “ಒಲೆ ಮೇಲೆ ಚಾ ಇಟ್ಟಿದ್ದೆ, ಕುಡ್ದ್ರೋ ಇಲ್ವೋ?”

ಭಾವನ ಕೋವಿಯ ಕುದುರೆ ಇನ್ನೂ ಎತ್ತಿಯೇ ಇತ್ತು. ಕುದುರೆಯನ್ನು ಹೆಬ್ಬೆರಳಿನಿಂದ ಹಿಡಿದು ಇಳಿಸಬೇಕಿತ್ತು. ಎರಡು ಸಲ ಪ್ರಯತ್ನಿಸಿ ನಿಲ್ಲಿಸಿದರು. ಮೂರನೆಯ ಸಲ ಇಳಿಯಿತು. ಕೇಪು ತೆಗೆದು ಜೇಬಿಗೆ ಹಾಕಿಕೊಂಡರು. ಆ ಕೇಪು ಜೇಬಿನ ಬಾಯಿ ಸಿಗದೆ ಒಮ್ಮೆ ಕೆಳಗೆ ಬಿತ್ತು, ಹುಡುಕಿ ತೆಗೆದೆವು. ಆ ಹೊತ್ತಿನಲ್ಲೂ ಹುಡುಕಿದೆವು.

ಮಧ್ಯಾಹ್ನ ನಾನೊಬ್ಬನೇ ಟೇಪು ತೆಗೆದುಕೊಂಡು ಹೋಗಿ ಅಳೆದೆ. ಮಾಳದ ಕಂಬದಿಂದ ಹುಲ್ಲು ಕೊಯ್ದ ಜಾಗಕ್ಕೆ ನಲವತ್ತೆಂಟು ಮೀಟರು, ಮೂವತ್ತು ಸೆಂಟಿಮೀಟರು. ಎಣ್ಣೆ ಡಬ್ಬಿ ಇಟ್ಟದ್ದು ಐವತ್ತರಲ್ಲಿ. ಯಾಕೆ ಅಳೆದೆ ಎಂದು ಕೇಳಿದರೆ ಹೇಳಲಾರೆ. ಏನಾದರೂ ಒಂದು ಸರಿಯಾಗಿ ಗೊತ್ತಿರಲಿ ಅನ್ನಿಸಿತು.

ಸಂಜೆ ಬಸ್ಸಿಗೆ ಬಿಡಲು ಬಂದಾಗ ಭಾವ ಸುತ್ತ ನೋಡಿ, ಸಣ್ಣ ದನಿಯಲ್ಲಿ ಹೇಳಿದರು. “ಇವಳಿಗೆ ಹೇಳೂದು ಬೇಡ. ಏನೂ ಆಗಿಲ್ವಲ್ಲ. ಎಲ್ಲ ಆ ಹಾಳು ಮಬ್ಬಿನಿಂದ. ನಿಂಗೂ ಮಬ್ಬಿನಲ್ಲೇ ಹಂದಿ ಕಂಡದ್ದು. ಹೊಸದು ಬತ್ತದಲ್ಲ, ಅದು ಬಂದ್ರೆ ಈ ಗೋಳಿಲ್ಲ.”

ಬಸ್ಸು ಬಂತು, ಹತ್ತಿದೆ.

ಅವರು ಹೇಳಿದ್ದು ಸುಳ್ಳು ಎಂದು ಗೊತ್ತಿದ್ದವನು ನಾನೊಬ್ಬನೇ. ನಾನು ಉಸಿರು ಹಿಡಿದಿದ್ದೆ. ಗಾಜು ಮಬ್ಬಾಗಿರಲಿಲ್ಲ. ಕಂಬಳಿಯ ರೋಮದ ಮೇಲಿನ ಹನಿಯನ್ನು ಎಣಿಸುವಷ್ಟು ಸ್ಪಷ್ಟವಾಗಿ ನೋಡಿ, ನನ್ನ ಅಕ್ಕನನ್ನು ನಾನು ಹಂದಿ ಎಂದಿದ್ದೆ. ಇದನ್ನು ಹೇಳದಿದ್ದರೆ ಹೊಸ ದುರ್ಬೀನು ಕೋವಿಯ ಮೇಲೆ ಕೂರುತ್ತದೆ, ಮುಂದಿನ ಸಲ ಒರೆಸಲು ಯಾರೂ ತಲೆ ಎತ್ತುವುದಿಲ್ಲ. ಹೇಳಬೇಕೆಂದು ಹನ್ನೊಂದು ದಿನ ಫೋನು ಕೈಗೆ ತೆಗೆದುಕೊಂಡೆ. ಹನ್ನೊಂದು ದಿನವೂ ಬೇರೆ ಏನೋ ಮಾತಾಡಿ ಇಟ್ಟೆ. ಆಕಳು ಹೇಗಿದೆ, ಮಳೆ ಉಂಟೋ, ಹೀಗೆ. ನನ್ನ ಮೇಲೆ ನನಗೇ ಹೇಸಿಗೆಯಾಗುವಷ್ಟು ಮಳೆಯ ಮಾತಾಡಿದೆ.

ಹನ್ನೆರಡನೆಯ ದಿನ ಕಾರವಾರದ ಮನೆಗೆ ಪೆಟ್ಟಿಗೆ ಬಂತು. ಎರಡೂವರೆ ತಿಂಗಳು ಒಂದನ್ನೂ ಸರಿಯಾದ ಹೊತ್ತಿಗೆ ಕಳಿಸದ ಅಂಗಡಿ, ಇದನ್ನು ಹೇಳಿದ್ದಕ್ಕಿಂತ ಎರಡು ದಿನ ಮೊದಲೇ ಕಳಿಸಿತ್ತು. ತೆರೆಯದೆ, ಹಾಗೇ ಹಿಡಿದುಕೊಂಡು ಅಗಸೂರಿಗೆ ಹೋದೆ.

ಭಾವ ಜಗಲಿಯಲ್ಲೇ ಬಿಚ್ಚಿದರು. ಗಾಜಿಗೆ ಬಾಯಿ ತಾಗಿಸಿ ಹಾ ಎಂದು ಉಸಿರು ಬಿಟ್ಟರು. ಬೆಳ್ಳಗಾಯಿತು, ಕಣ್ಣು ಮಿಟುಕಿಸುವಷ್ಟರಲ್ಲಿ ತಿಳಿಯಾಯಿತು. ಮತ್ತೊಮ್ಮೆ ಉಸಿರು ಬಿಟ್ಟರು. ಮತ್ತೆ ತಿಳಿ.

“ನೋಡೋ ತಮಾ! ಕನ್ನಡಿ ಹಾಂಗದೆ. ಇದನ್ನೇ ಮೊದಲು ಕಳ್ಸೂಕೆ ಅವರಿಗೆಂತ ರೋಗ?”

“ಭಾವ, ಅವತ್ತು ಗಾಜು ಮಬ್ಬಾಗಿರಲಿಲ್ಲ,” ಎಂದೆ.

“ಯಾವತ್ತು?”

“ನಾನು ನೋಡಿದಾಗ. ಚೊಕ್ಕ ಕಂಡಿತ್ತು. ಚೊಕ್ಕ ನೋಡಿಯೇ ನಾನು ಹಂದಿ ಅಂದದ್ದು.”

ಭಾವ ಕಣ್ಣಿನಲ್ಲೇ ಸುಮ್ಮನಿರು ಎಂದರು, ಏಕೆಂದರೆ ಅಕ್ಕ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಅಕ್ಕಿ ತೊಳೆಯುವ ಪಾತ್ರೆ ಇತ್ತು.

“ಯಾರನ್ನ ಹಂದಿ ಅಂದೆ?” ಎಂದು ಕೇಳಿದಳು.

ಹೇಳಿದೆ. ಮೊದಲಿನಿಂದ, ಒಂದೂ ಬಿಡದೆ ಹೇಳಿದೆ. ಕುದುರೆ ಎಳೆದದ್ದು, ಮಬ್ಬಾದದ್ದು, ಬುಟ್ಟಿ ಕಂಡದ್ದು. ಭಾವ ನಡುವೆ ಎರಡು ಸಲ ‘ಅದು ಹಾಂಗಲ್ಲ’ ಎಂದು ಸುರು ಮಾಡಿ ನಿಲ್ಲಿಸಿದರು. ಅಕ್ಕ ಪಾತ್ರೆಯನ್ನು ಮೆಟ್ಟಿಲ ಮೇಲೆ ಇಟ್ಟಳು. ಅಳುತ್ತಾಳೆ ಎಂದುಕೊಂಡೆ. ಬೈಯುತ್ತಾಳೆ ಎಂದುಕೊಂಡೆ.

“ಕೂ ಕೇಳ್ಲಿಲ್ಲ,” ಎಂದಳು. “ಕೂ ಕೇಳ್ಲಿಲ್ಲ ಅಂತಲೇ ನಾ ಬಗ್ಗಿ ಕೂತದ್ದು. ಕೇಳಿದ್ರೆ ಎದ್ದು ನಿಲ್ತಿದ್ನಲ್ಲ.”

ಭಾವ ಹೊಸ ದುರ್ಬೀನನ್ನು ಎತ್ತಿ ತೋರಿಸಿ, “ಈಗಿಂದು ಬೇರೆ ಕಣೇ. ಇದರಲ್ಲಿ ಮನುಷ್ಯರು ಮನುಷ್ಯರ ಹಾಂಗೇ ಕಾಣ್ತ್ರು,” ಎಂದರು.

“ಹೌದೋ?” ಎಂದು ಅಕ್ಕ ಒಳಗೆ ಹೋದಳು. ಗೂಟದ ಮೇಲಿದ್ದ ಕಂಬಳಿಯನ್ನು ಕೊಪ್ಪೆ ಮಾಡಿ ತಲೆಗೆ ಹಾಕಿಕೊಂಡು ಬಂದಳು. ಹೊರಗೆ ಮಳೆ ಇರಲಿಲ್ಲ. “ನಾ ಅಲ್ಲೇ ಹೋಗಿ ಕೂರ್ತೆ. ಇಬ್ರೂ ಮಾಳ ಹತ್ತಿ ನೋಡಿ. ಕೋವಿ ಇಲ್ಲೇ ಇರ್ಲಿ, ದುರ್ಬೀನು ಮಾತ್ರ ತಕಂಡು ಹೋಗಿ.”

“ಹುಚ್ಚೆಂತ ನಿಂಗೆ?”

“ಹಂದಿಗೆ ಹುಚ್ಚು ಹಿಡೂದಿಲ್ಲ,” ಎನ್ನುತ್ತ ಹೊರಟೇಹೋದಳು.

ಕೋವಿಯನ್ನು ನಾನೇ ಒಳಗಿಟ್ಟು ಕೋಣೆಯ ಬಾಗಿಲು ಹಾಕಿದೆ. ಎಳೆದು ನೋಡಿದೆ. ಮಾಳ ಹತ್ತಿದೆವು. ಸಂಜೆಯ ಬೆಳಕು ಚೆನ್ನಾಗಿತ್ತು, ಆ ಬೆಳಿಗ್ಗೆಗಿಂತ ಎಷ್ಟೋ ಚೆನ್ನಾಗಿ. ಅಕ್ಕ ಅಂಚಿನ ಮೇಲೆ ಅದೇ ಜಾಗದಲ್ಲಿ ನಮಗೆ ಬೆನ್ನು ಹಾಕಿ ಬಗ್ಗಿ ಕೂತಳು. ಭಾವ ದುರ್ಬೀನನ್ನು ಅಡ್ಡಗಳುವಿನ ಮೇಲಿಟ್ಟು, ಹನ್ನೆರಡಕ್ಕೆ ತಿರುಗಿಸಿ, ಕಣ್ಣಿಟ್ಟರು.

ಬಹಳ ಹೊತ್ತು ನೋಡಿದರು. ಅವರ ಉಬ್ಬಸದ ಉಸಿರು ಗಾಜಿಗೆ ತಾಗಿ, ಹರಡಿ, ಕರಗುವುದು ನನಗೆ ಪಕ್ಕದಿಂದ ಕಾಣುತ್ತಿತ್ತು. ಹನ್ನೆರಡರಿಂದ ಆರಕ್ಕೆ ಇಳಿಸಿದರು. ಮತ್ತೆ ಹನ್ನೆರಡು. ಒಮ್ಮೆ ತಲೆ ಎತ್ತಿ ಬರಿಗಣ್ಣಿನಲ್ಲಿ ನೋಡಿ, ಮತ್ತೆ ಕಣ್ಣಿಟ್ಟರು.

“ಅವಳೇ ಅಂತ ಗೊತ್ತದೆ,” ಎಂದರು. ದನಿ ತೀರ ಸಣ್ಣದಾಗಿತ್ತು. “ಗೊತ್ತಿದ್ದೂ ಹಂದೀನೇ ಕಾಣ್ತದಲ್ಲೋ.”

ದುರ್ಬೀನನ್ನು ನನ್ನ ಕಡೆ ಚಾಚಿದರು. ನಾನು ತೆಗೆದುಕೊಳ್ಳಲಿಲ್ಲ.

“ಕಂಡ್ತೋ ಇಲ್ವೋ?” ಅಕ್ಕ ಅಲ್ಲಿಂದಲೇ ಕೂಗಿದಳು. “ನನ್ನ ಕಾಲು ಹಿಡ್ಕಂಡು ಹೋಯ್ತು!”

ಭಾವ ಎರಡೂ ಕೈ ಬಾಯಿಯ ಸುತ್ತ ಹಿಡಿದು ಕೂ ಹಾಕಿದರು. ತಿಂಗಳಿನಿಂದ ಹಾಕದ ಕೂ, ನಡುವೆ ಒಡೆದು ಕೆಮ್ಮಾಯಿತು. ಮತ್ತೆ ಹಾಕಿದರು. ಅಕ್ಕ ಎದ್ದು ನೆಟ್ಟಗೆ ನಿಂತಳು. ಕೊಪ್ಪೆ ಹಿಂದೆ ಸರಿಸಿ ತಿರುಗಿ ಕೂ ಹಾಕಿದಳು, ಗುಡ್ಡಕ್ಕೆ ಕೇಳುವಷ್ಟು ದೊಡ್ಡದಾಗಿ. ಅವಳಿಗೆ ಸಿಟ್ಟು ಇತ್ತು ಎಂದು ಆ ಕೂನಲ್ಲಿ ತಿಳಿಯಿತು.

ಹಳೆಯ ದುರ್ಬೀನು ಬದಲಿಯ ಲೆಕ್ಕಕ್ಕೆ ಅಂಗಡಿಗೆ ಹೋಯಿತು, ಹೊಸದನ್ನೂ ಹಿಂದಕ್ಕೆ ಕಳಿಸಲು ಹೋದೆ. ಕಾರಣ ಕೇಳುತ್ತಾರೆ, ಇರುವ ಐದರಲ್ಲಿ ಒಂದನ್ನು ಒತ್ತಬೇಕು. ಒಡೆದಿದೆ. ಬೇರೆ ವಸ್ತು ಬಂದಿದೆ. ತಡವಾಗಿ ಬಂದಿದೆ. ಸರಿಯಾಗಿ ಕೆಲಸ ಮಾಡುತ್ತಿಲ್ಲ. ಗುಣಮಟ್ಟ ಇಷ್ಟವಾಗಲಿಲ್ಲ. ಯಾವುದೂ ನಿಜವಲ್ಲ. ಒಂದು ಸುಳ್ಳನ್ನು ಒತ್ತಿದ್ದರೆ ಮುಗಿಯುತ್ತಿತ್ತು, ಅದೂ ಆಗಲಿಲ್ಲ. ಅವಧಿ ಮುಗಿಯಿತು. ಪೆಟ್ಟಿಗೆ ಈಗ ನನ್ನ ಕಪಾಟಿನಲ್ಲಿ ಟೇಪಿನ ಪಕ್ಕದಲ್ಲಿದೆ. ಹಿತ್ತಾಳೆಯ ಬಳೆಗಳನ್ನು ಭಾವ ಕೋವಿಯಿಂದ ಬಿಚ್ಚಲು ಹೋಗಿ, ತುಕ್ಕು ಹಿಡಿದ ಒಂದು ಸ್ಕ್ರೂ ಬಾರದೆ, ಒಂದು ಬಳೆಯನ್ನು ಅಲ್ಲೇ ಬಿಟ್ಟಿದ್ದಾರೆ.

ಆ ಸಲ ಹಂದಿಗಳು ಗುಡ್ಡದ ಬದಿಯ ಎರಡು ಗದ್ದೆ ಪೂರ್ತಿ ಹೊರಳಾಡಿ ಹೋದವು. ಕೊಯ್ಲಿನ ಹೊತ್ತಿಗೆ ಭಾವ ಫೋನಿನಲ್ಲಿ ಅರ್ಧ ಗಂಟೆ ಬೈದರು, ಹಂದಿಯನ್ನು, ಇಲಾಖೆಯನ್ನು, ನನ್ನನ್ನು. “ಕೂ ಹಾಕೂದು, ಅವು ಬಾಲ ಎತ್ತಿ ಓಡೂದು, ನಾ ಹೋಗಿ ಚಾ ಕುಡೂದು. ದಿನಾ ಇದೇ ಆಯ್ತು. ಇವತ್ತು ಬೆಳಿಗ್ಗೆ ಐದಿದ್ವು ಮಾರಾಯ, ಐದು! ಕೈಗೆ ಸಿಗೂ ಹಾಂಗೆ.”

“ಕೂ ಹಾಕಿದ್ರೋ?” ಎಂದು ಕೇಳಿದೆ.

“ಹಾಕ್ದೆ,” ಎಂದರು ಸಿಟ್ಟಿನಿಂದಲೇ. “ಯಾರೂ ಇರ್ಲಿಲ್ಲ.”